ಆಟಿ ಸೊಪ್ಪೂ ನಿನ್ನ ರಕ್ತದ ಟ್ಯೂಬೂ

ಸುಂಟಿಕೊಪ್ಪ
ಆಗಸ್ಟ್ 5

ಪ್ರೀತಿಯ ದೀಕ್ಷಾ,

ನಿನ್ನ ಫೋನ್ ಬಂದಾಗ ಕರೆಂಟ್ ಹೋಗಿ ಎರಡನೇ ದಿನ. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ, ಅರ್ಧ ಮಾತಿಗೇ ಕಟ್ಟಾಯಿತು. ನಿನ್ನಮ್ಮ ಗುರುವಾರ ಅಲ್ಲಿಗೆ ಬರುತ್ತಾಳಂತೆ. ಅವಳ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ. ಫೋನಿನಲ್ಲಾಗಿದ್ದರೆ ನೀನು ಇಷ್ಟು ಹೊತ್ತು ಕೇಳಿಸಿಕೊಳ್ಳುತ್ತಿರಲೂ ಇಲ್ಲ ಬಿಡು.

ಥೀಸಿಸ್ಸಿಗಾಗಿ ಇಲ್ಲಿನ ಬಸುರಿಯರ ರಕ್ತ ತೆಗೆದು, ಅದರಲ್ಲಿರುವ ಮೆಟಬೊಲೈಟುಗಳನ್ನು ಅಳೆಯಲು ಹೊರಟ ನೀನು ಕೇಳಿದ್ದು ಒಂದೇ ಪ್ರಶ್ನೆ. "ದೊಡ್ಡಮ್ಮ, ಮೆಟಬೊಲೈಟ್ ಅಂದ್ರೆ ಏನು ಅಂತ ಬಸುರಿಯರಿಗೆ ಹೇಗೆ ಹೇಳೋದು? ಎಲ್ಲರೂ ಸುಮ್ನೆ ತಲೆ ಆಡಿಸ್ತಾರೆ."

ಮೊನ್ನೆಯಷ್ಟೇ ಆಟಿ ತಿಂಗಳ ಹದಿನೆಂಟನೇ ದಿನ ಕಳೆಯಿತು. ನಮ್ಮಲ್ಲೂ ಮದ್ದು ಸೊಪ್ಪು, ಅದೇ ಆಟಿ ಸೊಪ್ಪು, ಬೇಯಿಸಿ, ಆ ನೇರಳೆ ನೀರಿಗೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡಿದೆವು. ಮಾರನೇ ಬೆಳಿಗ್ಗೆ ಏನಾಗುತ್ತದೆ ಅಂತ ಇಲ್ಲಿ ಯಾರಿಗೆ ಗೊತ್ತಿಲ್ಲ? ಮೂತ್ರ ಕೆಂಪಗೆ ಹೋಗುತ್ತದೆ. ನೀನು ಐದು ವರ್ಷದವಳಿದ್ದಾಗ "ರಕ್ತ, ರಕ್ತ" ಅಂತ ಕಿರುಚಿಕೊಂಡು ಬಚ್ಚಲಿನಿಂದ ಓಡಿ ಬಂದಿದ್ದೆ. ಅದನ್ನೇ ಹೇಳು. ತಿಂದದ್ದು ಒಳಗೆ ಹೋಗಿ ಒಡೆಯುತ್ತದೆ, ಬೇರೆ ರೂಪ ತಾಳುತ್ತದೆ, ರಕ್ತದಲ್ಲಿ ಸುತ್ತುತ್ತದೆ, ಕೊನೆಗೆ ಹೊರಗೆ ಬರುತ್ತದೆ. ಸೊಪ್ಪಿನದು ಬಣ್ಣ ಇರುವುದರಿಂದ ಕಣ್ಣಿಗೆ ಕಾಣುತ್ತದೆ. ಸಕ್ಕರೆ, ಕೊಬ್ಬಿನ ಚೂರು, ಅಮೈನೊ ಆಮ್ಲ, ಹಸಿದಾಗ ಕೊಬ್ಬು ಕರಗಿ ಹುಟ್ಟುವ ಕೀಟೋನು, ಪಿತ್ತದ ಆಮ್ಲ, ಇವುಗಳಿಗೆ ಬಣ್ಣವಿಲ್ಲ. ಅದಕ್ಕೇ ಅಣುಗಳ ತೂಕ ನೋಡಿ ಗುರುತು ಹಿಡಿಯುವ ನಿನ್ನ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರೂ ಇದ್ದಾರೆ, ಅವರಿಗೆ ಆಟಿ ಸೊಪ್ಪು ಗೊತ್ತಿರುವುದಿಲ್ಲ. ಬೀಟ್‌ರೂಟ್ ಅಂದರೆ ಸಾಕು.

ಇನ್ನು ನೀನು ಕೇಳದೇ ಇದ್ದದ್ದು. ನಿನ್ನ ಮಿಷನ್ನಿನ ಮೇಲೆ ನನಗೆ ಅನುಮಾನವಿಲ್ಲ. ರಕ್ತ ಮಿಷನ್ನಿಗೆ ಮುಟ್ಟುವ ಮುಂಚಿನ ಐದಾರು ಗಂಟೆಯ ಮೇಲೆ ನನಗೆ ಭಾರಿ ಅನುಮಾನ. ಯಾಕೆಂದರೆ ನಾನು ನರ್ಸಾಗಿದ್ದ ಮೂವತ್ತು ವರ್ಷ ಆ ಐದಾರು ಗಂಟೆ ನನ್ನ ಕೈಯಲ್ಲೇ ಇತ್ತು.

ಒಂದು ಕಥೆ ನಿನಗೆ ಇದುವರೆಗೆ ಹೇಳಿಲ್ಲ. ನಾನು ರಿಟೈರ್ ಆಗುವುದಕ್ಕೆ ನಾಲ್ಕೈದು ವರ್ಷ ಮುಂಚೆ ನಡೆದದ್ದು. ಜುಲೈ ತಿಂಗಳು. ಒಬ್ಬಳು ಬಸುರಿಗೆ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆದೆ. ರಕ್ತದ ಸಕ್ಕರೆ ಇಳಿಯುವುದನ್ನು ತಡೆಯುವ ಮದ್ದಿರುವ ಬೂದು ಮುಚ್ಚಳದ ಬಾಟಲಿ ಮುಗಿದಿತ್ತು, ಸಾದಾ ಟ್ಯೂಬಿಗೇ ಹಾಕಿದೆ. ಐಸ್ ಇರಲಿಲ್ಲ. ಬಸ್ಸಿನಲ್ಲಿ ಕಳಿಸಿದರೆ ದಾರಿಯಲ್ಲಿ ಮರ ಬಿದ್ದಿತ್ತು, ಬಸ್ಸು ಅಲ್ಲೇ ನಿಂತಿತು. ಟ್ಯೂಬು ಲ್ಯಾಬಿಗೆ ಸೇರಿದ್ದು ಸಂಜೆ. ರಿಪೋರ್ಟ್ ಬಂತು: 112. ಮಿತಿ 140. "ನಿಂಗೆ ಶುಗರ್ ಇಲ್ಲಮ್ಮ, ಆರಾಮಾಗಿರು" ಅಂದೆ. ಅವಳು ಖುಷಿಯಿಂದ ನನಗೆ ಎರಡು ಕಿತ್ತಳೆ ಕೊಟ್ಟು ಹೋದಳು.

ಹೆರಿಗೆ ಕಷ್ಟವಾಯಿತು. ಮಗು 4 ಕೆಜಿ 200 ಗ್ರಾಂ, ಭುಜ ಸಿಕ್ಕಿಹಾಕಿಕೊಂಡಿತು. ಹೊರಗೆ ಬಂದ ಒಂದು ಗಂಟೆಗೆ ಕೈಕಾಲು ನಡುಗಿಸತೊಡಗಿತು. ಹಿಮ್ಮಡಿ ಚುಚ್ಚಿ ನೋಡಿದರೆ ಸಕ್ಕರೆ ಮೂವತ್ತೂ ಇಲ್ಲ. ಮಗು ಉಳಿಯಿತು, ದೇವರು ದೊಡ್ಡವನು. ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ ಮಾತು: "ಸಿಸ್ಟರ್, ಆ ಟ್ಯೂಬು ಎಷ್ಟು ಹೊತ್ತು ಹೊರಗಿತ್ತು?"

ಟ್ಯೂಬಿಗೆ ಹಾಕಿದ ಮಾತ್ರಕ್ಕೆ ರಕ್ತ ಸಾಯುವುದಿಲ್ಲ ಮಗಳೇ. ಕೆಂಪು ಕಣಗಳು ಅಲ್ಲೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಬಿಸುಪಿನಲ್ಲಿ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಇಳಿಯುತ್ತದೆ, ಸಕ್ಕರೆ ಒಡೆದು ಉಳಿಯುವ ಲ್ಯಾಕ್ಟೇಟ್ ಏರುತ್ತದೆ. ಐದು ಗಂಟೆಗೆ ಹೆಚ್ಚುಕಮ್ಮಿ ಕಾಲು ಭಾಗ ಹೋಯಿತು ಅಂದುಕೋ. 112 ಮೊದಲು ಎಷ್ಟಿದ್ದಿರಬಹುದು, ನೀನೇ ಲೆಕ್ಕ ಹಾಕು. ತಪ್ಪೆಲ್ಲ ಆ ಟ್ಯೂಬಿನದೇ ಅಂತ ನಾನು ಆಣೆ ಹಾಕಲಾರೆ. ಆದರೆ ಆ ಕಿತ್ತಳೆ ಇವತ್ತಿಗೂ ಗಂಟಲಲ್ಲಿದೆ.

ಆ ಮಗು ಯಾಕೆ ನಡುಗಿತು ಅನ್ನುವುದನ್ನು ಕೋಪನ್‌ಹೇಗನ್‌ನ ಪೆಡರ್ಸನ್ ಎಂಬ ಡಾಕ್ಟರು 1952ರಲ್ಲೇ ಹೇಳಿದ್ದರು. ತಾಯಿಯ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಪಾಪ, ಮಗುವೇ ತನ್ನ ಇನ್ಸುಲಿನ್ ಜಾಸ್ತಿ ಮಾಡಿಕೊಂಡು ಉಬ್ಬುತ್ತದೆ. ಹೊಕ್ಕುಳ ಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರುವುದು ನಿಂತಿತು, ಇನ್ಸುಲಿನ್ ಮಾತ್ರ ಇನ್ನೂ ಓಡುತ್ತಿದೆ. 2008ರಲ್ಲಿ ಬಂದ ಹ್ಯಾಪೊ ಅಧ್ಯಯನದಲ್ಲಿ 9 ದೇಶಗಳ ಸುಮಾರು 25,000 ಬಸುರಿಯರನ್ನು ನೋಡಿದರು. ಸಕ್ಕರೆ ಏರಿದಂತೆ ಮಗುವಿನ ತೂಕವೂ ಏರುತ್ತಾ ಹೋಗುತ್ತದೆ, ನಡುವೆ ಇಲ್ಲಿಂದಾಚೆ ಅಪಾಯ ಅನ್ನುವ ಗೆರೆಯೇ ಸಿಗಲಿಲ್ಲ. ನಮ್ಮ ಘಾಟಿ ರಸ್ತೆಯ ಹಾಗೆ. ಮೆಟ್ಟಿಲಿಲ್ಲ, ಬರೀ ಏರು.

ಹಾಗಾಗಿ ಮೊದಲು ಐಸ್. ರಕ್ತ ತೆಗೆದ ಹೊತ್ತು ಟ್ಯೂಬಿನ ಮೇಲೆ ಬರಿ. ಟ್ಯೂಬನ್ನು ಗಿರಗಿರ ತಿರುಗಿಸಿ ಪ್ಲಾಸ್ಮಾ, ಅಂದರೆ ಕಣಗಳಿಲ್ಲದ ತಿಳಿ ಭಾಗ, ಬೇರೆ ಮಾಡಿದ ಹೊತ್ತೂ ಬರಿ. ಮಡಿಕೇರಿಗೆ ತಂದು ಮಾಡೋಣ ಅಂತ ಕಾಯಬೇಡ, ಹಾಗೆ ತಿರುಗಿಸುವ ಚಿಕ್ಕ ಸೆಂಟ್ರಿಫ್ಯೂಜ್ ಒಂದನ್ನು ಜೀಪಿನಲ್ಲೇ ಒಯ್ಯಿ. ತಡವಾದ ಟ್ಯೂಬನ್ನು ನಾಚಿಕೆಯಿಲ್ಲದೆ ಬಿಸಾಕು. ಬಿಸಾಕಲು ಮನಸ್ಸು ಬಾರದಿದ್ದರೆ ನನ್ನ 112 ನೆನಪು ಮಾಡಿಕೋ.

ಆಮೇಲೆ ಆ ಹೆಂಗಸಿನ ಬೆಳಗು. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ನೀವು ಹೇಳುತ್ತೀರಿ. ಒಳಗಿನ ತೋಟದಿಂದ ಬರುವವಳು ಹಿಂದಿನ ಸಂಜೆ ಏಳಕ್ಕೆ ಉಂಡಿರುತ್ತಾಳೆ. ಮೊದಲ ಬಸ್ಸು ಹಿಡಿದು ಬಂದು, ಸಾಲಿನಲ್ಲಿ ಕೂತು, ಸೂಜಿ ಚುಚ್ಚುವಾಗ ಹನ್ನೊಂದು ಗಂಟೆ. ಹದಿನಾರು ಗಂಟೆ ಉಪವಾಸ! ಬಸುರಿಯ ಮೈ ಹಸಿವಿಗೆ ಬೇಗ ಬಗ್ಗುತ್ತದೆ. ಮೆಟ್ಜರ್, ಫ್ರೈಂಕೆಲ್ ಮುಂತಾದವರು 1982ರಲ್ಲೇ ತೋರಿಸಿದ್ದಾರೆ: ತಿಂಗಳು ತುಂಬುತ್ತಿರುವವಳು ಬೆಳಗಿನ ತಿಂಡಿ ಬಿಟ್ಟರೆ ಸಾಕು, ಸಕ್ಕರೆ ಇಳಿದು ಕೀಟೋನು ಏರುವುದು ಬಸುರಿಯಲ್ಲದವಳಿಗಿಂತ ಜಾಸ್ತಿ. ಆಸ್ಪತ್ರೆ ಪಕ್ಕದ ಮನೆಯವಳದು ಹತ್ತು ಗಂಟೆ ಉಪವಾಸ, ಇವಳದು ಹದಿನಾರು. ಇಬ್ಬರ ರಕ್ತವನ್ನೂ ಒಂದೇ ಪಟ್ಟಿಗೆ ಹಾಕಿ "ತೋಟದ ಕೂಲಿ ಹೆಂಗಸರ ರಕ್ತವೇ ಬೇರೆ" ಅಂತ ಬರೆದರೆ, ನೀನು ಅಳೆದದ್ದು ಬಸ್ಸಿನ ಟೈಮನ್ನು.

ಮತ್ತೆ ಕಾಫಿ. ಇದನ್ನು ನಿಮ್ಮ ಬೆಂಗಳೂರಿನವರು ಪ್ರಶ್ನೆಗಳ ಫಾರ್ಮಿನಲ್ಲಿ ಹಾಕಿರುವುದಿಲ್ಲ, ನೋಡು ಬೇಕಾದರೆ. "ಏನಾದ್ರೂ ತಿಂದ್ರಾ?" ಅಂತ ಕೇಳಿದರೆ "ಇಲ್ಲ ಸಿಸ್ಟರ್, ಬರೀ ಕಾಫಿ" ಅನ್ನುತ್ತಾರೆ. ನಮ್ಮೂರಿನಲ್ಲಿ ಕಾಫಿ ಅಂದರೆ ತಿಂಡಿಯೂ ಅಲ್ಲ, ಕುಡಿಯುವುದೂ ಅಲ್ಲ, ಬೆಳಗಾಯಿತು ಅನ್ನುವುದಕ್ಕೆ ಒಂದು ಗುರುತು. ಬೆಲ್ಲ ಹಾಕಿದ ಕರಿ ಕಾಫಿ, ಅದೂ ರೊಬಸ್ಟಾ. ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನ್ ಸುಮಾರು ಎರಡರಷ್ಟು. ಮಾಮೂಲಿ ಹೆಂಗಸಿನಲ್ಲಿ ಅರ್ಧ ಕೆಫೀನ್ ಕರಗಲು ಐದು ಗಂಟೆಯಾದರೆ, ಬಸುರಿನ ಕೊನೆಯ ತಿಂಗಳುಗಳಲ್ಲಿ ಹದಿನೈದು ಗಂಟೆಯವರೆಗೂ ಹೋಗಬಹುದು. ಹಿಂದಿನ ಸಂಜೆಯ ಲೋಟ ಮರುದಿನದ ಟ್ಯೂಬಿನಲ್ಲಿ ಇರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗಂತೂ ಅದನ್ನು ಒಡೆಯುವ ಶಕ್ತಿಯೇ ಬಂದಿರುವುದಿಲ್ಲ. ದಿನಕ್ಕೆ 300 ಮಿಲಿಗ್ರಾಂ ದಾಟುವ ಬಸುರಿಯರು ಕಡಿಮೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೈಯಬೇಡ, ಎಷ್ಟು ಲೋಟ, ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳು. ಬೈದರೆ ಮುಂದಿನ ಸಲ ಸುಳ್ಳು ಹೇಳುತ್ತಾರೆ.

ಹಂದಿ ಮಾಂಸ, ಮೀನು ತಿನ್ನುವ ಊರು, ಅವುಗಳಲ್ಲಿ ಸಿಗುವ ಬಿ12 ವಿಟಮಿನ್ನಿನ ಕೊರತೆ ಇಲ್ಲಿ ಇರಲಾರದು ಅಂತ ಮೊದಲೇ ತೀರ್ಮಾನ ಮಾಡಬೇಡ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ರಕ್ತ ತೆಗೆದಿಟ್ಟಿದ್ದರು. ಆಮೇಲೆ ನೋಡಿದರೆ ನೂರಕ್ಕೆ 43 ಜನರಲ್ಲಿ ಬಿ12 ಕಡಿಮೆ. ಇಲ್ಲಿ ವಾರಕ್ಕೊಮ್ಮೆ ಸಂತೆಯ ದಿನ ಒಣ ಮೀನು ತಿನ್ನುವವಳೂ ಕೊಡಗಿನವಳೇ. ಬಿ12 ಕಮ್ಮಿಯಾದರೆ ಮೀಥೈಲ್‌ಮಲೋನಿಕ್ ಆಮ್ಲ ಏರುತ್ತದಂತಲ್ಲ, ಅದನ್ನು ನಿನ್ನ ಮಿಷನ್ ನೋಡುತ್ತದೆ. ಅದೇ ಹೇಳಲಿ.

ವಾರದ ಲೆಕ್ಕಕ್ಕೂ ಒಂದು ಮಾತು. ಬಸುರಿನಲ್ಲಿ ರಕ್ತದ ನೀರಿನಂಶ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ, ಅದರಲ್ಲಿರುವ ಎಷ್ಟೋ ವಸ್ತುಗಳು ತೆಳ್ಳಗಾಗುತ್ತವೆ. ಹಾಗಾಗಿ ಇಪ್ಪತ್ತನೇ ವಾರವೋ ಮೂವತ್ತನೇ ವಾರವೋ ಅನ್ನುವುದು ತಪ್ಪಿದರೆ ಎಲ್ಲ ತಪ್ಪಿತು. ತಾರೀಖು ಕೇಳಿದರೆ ನೆನಪಿರುವುದಿಲ್ಲ. "ಹುತ್ತರಿಗೆ ಮುಂಚೆಯೋ ಆಮೇಲೋ ಮುಟ್ಟಾದದ್ದು?" ಅಂತ ಕೇಳು, ತಕ್ಷಣ ಹೇಳುತ್ತಾರೆ. ಕಾವೇರಿ ಸಂಕ್ರಮಣದ ತಾರೀಖು ಹೆಚ್ಚು ಅಲುಗುವುದಿಲ್ಲ. ಹುತ್ತರಿ ಹಾಗಲ್ಲ, ಹುಣ್ಣಿಮೆ ನೋಡಿ ಬರುವ ಹಬ್ಬ. ಆ ವರ್ಷದ ಪಂಚಾಂಗ ತೆಗೆದು ನೋಡು. ಮೊದಲ ತಿಂಗಳುಗಳ ಸ್ಕ್ಯಾನ್ ಇದ್ದರೆ ಮಾತ್ರ ಇದ್ಯಾವುದೂ ಬೇಡ.

ಮಗುವಿನ ಕಡೆಗೂ ಸ್ವಲ್ಪ ನೋಡು. ಇಲ್ಲಿ ನಾನು ಒಂದು ಕಳ್ಳತನ ಒಪ್ಪಿಕೊಳ್ಳಬೇಕು. ನನ್ನ ಹಳೆಯ ಹೆರಿಗೆ ಪುಸ್ತಕ ತೆಗೆದರೆ 2.5, 2.5, 3, 2.5 ಅಂತ ಸಾಲಾಗಿ ಇರುತ್ತದೆ. ದೇವರು ಮಕ್ಕಳನ್ನು ಅಷ್ಟು ಸರಿಯಾಗಿ ತೂಗಿ ಕಳಿಸುತ್ತಾನಾ? ಎರಡೂವರೆ ಕೆಜಿಗಿಂತ ಕಮ್ಮಿ ಬರೆದರೆ ಮೇಲಿನವರ ಪ್ರಶ್ನೆ, ಪತ್ರ. 2.4 ಇದ್ದದ್ದು ಕಂಬಳಿ ಸಮೇತ ತೂಗಿದರೆ 2.5. ಎಷ್ಟೋ ನರ್ಸುಗಳು ಹೀಗೇ ಮಾಡಿದ್ದೇವೆ. ತಾಯಿಯ ರಕ್ತವನ್ನು ನೀನು ಕೋಟಿಗೊಂದು ಪಾಲಿನವರೆಗೆ ಅಳೆದು, ಆ ಕಡೆ ಇಂಥ 2.5ಕ್ಕೆ ಹೊಂದಿಸಿದರೆ ಏನು ಸಿಗುತ್ತದೆ? ಹೆರಿಗೆ ಕೋಣೆಗೆ ನಿನ್ನದೇ ತಕ್ಕಡಿ ಕೊಡು. ವಾರಕ್ಕೊಮ್ಮೆ ಒಂದು ಕೆಜಿ ತೂಕದ ಬಟ್ಟು ಇಟ್ಟು ಪರೀಕ್ಷೆ ಮಾಡು. ರಾತ್ರಿ ಪಾಳಿಯ ಸಿಸ್ಟರ್ ಹೆಸರು ತಿಳಿದುಕೋ, ಅವಳಿಗೆ ಟೀ ಕೊಡಿಸು.

ಟೀ ಅಂದದ್ದು ತಮಾಷೆಗಲ್ಲ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಎಂಬ ಜಿಲ್ಲೆಯಲ್ಲಿ 1911ರಿಂದ ಮಾರ್ಗರೆಟ್ ಬರ್ನ್‌ಸೈಡ್ ಎಂಬವರ ಕೈಕೆಳಗೆ ಸೂಲಗಿತ್ತಿಯರು ಹುಟ್ಟಿದ ಮಕ್ಕಳನ್ನೆಲ್ಲ ತೂಗಿ ಬರೆದಿಟ್ಟರು. ವರ್ಷ ತುಂಬಿದಾಗ ಮನೆಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯರು ಮತ್ತೆ ತೂಗಿದರು. ಎಷ್ಟೋ ವರ್ಷದ ಮೇಲೆ ಡೇವಿಡ್ ಬಾರ್ಕರ್ ಮತ್ತು ಜೊತೆಯವರು ಆ ದಪ್ಪ ಪುಸ್ತಕಗಳನ್ನು ಹುಡುಕಿ ತೆಗೆದು, 1989ರಲ್ಲಿ ಬರೆದರು: ಹುಟ್ಟಿದಾಗಲೂ ಒಂದು ವರ್ಷಕ್ಕೂ ತೂಕ ಕಡಿಮೆಯಿದ್ದ ಗಂಡಸರು ಮುಂದೆ ಹೃದಯದ ಕಾಯಿಲೆಯಿಂದ ಜಾಸ್ತಿ ಸತ್ತಿದ್ದಾರೆ. ತಾಯಿಯ ಹೊಟ್ಟೆಯಲ್ಲಿ ನಡೆದದ್ದು ಅರವತ್ತು ವರ್ಷದ ಮೇಲೂ ಲೆಕ್ಕಕ್ಕೆ ಬರುತ್ತದೆ ಅನ್ನುವ ಈಗಿನ ಮಾತಿಗೆ, ನಿನ್ನ ಕೆಲಸಕ್ಕೂ, ಆ ಸೂಲಗಿತ್ತಿಯರ ತಕ್ಕಡಿಯೇ ಬುನಾದಿ. ಅವರೂ ನನ್ನ ಹಾಗೆ ಎಲ್ಲದಕ್ಕೂ 2.5 ಬರೆದಿದ್ದರೆ?

ಲೆಕ್ಕದ ವಿಷಯ ನಿನಗೇ ಚೆನ್ನಾಗಿ ಗೊತ್ತು. ಆದರೂ ಒಂದು ಹೇಳಿಬಿಡುತ್ತೇನೆ. ನಿನ್ನ ಮಾವ ಕುಟ್ಟದಿಂದ ಆಚೆ ದಾಟಿ ಕೇರಳ ಲಾಟರಿ ತರುತ್ತಾನಲ್ಲ, ಟಿಕೆಟ್ ಜಾಸ್ತಿ ಕೊಂಡಾಗ ಒಂದಲ್ಲ ಒಂದಕ್ಕೆ ಚಿಲ್ಲರೆ ಬಹುಮಾನ ಬರುತ್ತದೆ, ಅದಕ್ಕೆ ಅವನು ತನ್ನ ನಕ್ಷತ್ರದ ಕಾರಣ ಕೊಡುತ್ತಾನೆ. ಸಾವಿರ ಮೆಟಬೊಲೈಟ್ ನೋಡಿದರೆ, ಏನೂ ಸಂಬಂಧವಿಲ್ಲದಿದ್ದರೂ ಸುಮಾರು ಐವತ್ತು ಸುಮ್ಮನೆ "ಸಂಬಂಧ ಇದೆ" ಅಂತ ಕೈ ಎತ್ತುತ್ತವೆ, ನೂರಕ್ಕೆ ಐದು ಸಲ ತಪ್ಪಾದರೂ ಸರಿ ಅನ್ನುವ ಮಿತಿ ಇಟ್ಟರೆ. ಬೇರೆ ಊರಿನ ಬಸುರಿಯರಲ್ಲೂ ಅದೇ ಕೈ ಎತ್ತುತ್ತದಾ ನೋಡುವವರೆಗೆ ಪತ್ರಿಕೆಯವರಿಗೆ ಫೋನ್ ಮಾಡಬೇಡ.

ಪರೀಕ್ಷೆಗೆ ಗಟ್ಟಿಯಾಗಿ ನಿಂತ ಮೆಟಬೊಲೈಟೂ ಇದೆ. ಲೈನ್ ಮನೆಯ ಒಬ್ಬಳು ಎಂಟನೇ ತಿಂಗಳಲ್ಲಿ ರಾತ್ರಿಯೆಲ್ಲ ಅಂಗೈ, ಅಂಗಾಲು ಕೆರೆದುಕೊಂಡು ಬಂದಿದ್ದಳು. ಗುಳ್ಳೆಯಿಲ್ಲ, ಕೆಂಪಿಲ್ಲ. ಅತ್ತೆ ಕೆಸುವಿನ ತುರಿಕೆ ಅಂದಳು, ಮೇಸ್ತ್ರಿ ಉಣ್ಣಿ ಕಡಿತ ಅಂದ. ನಾನೂ ಎಣ್ಣೆ ಹಚ್ಚು ಅಂದು ಕಳಿಸುತ್ತಿದ್ದೆನೇನೋ. ಆ ದಿನ ಹೊಸ ಡಾಕ್ಟರಮ್ಮ ಇದ್ದರು, ರಕ್ತದಲ್ಲಿ ಪಿತ್ತದ ಆಮ್ಲ ನೋಡಲು ಕಳಿಸಿದರು. ತುಂಬಾ ಜಾಸ್ತಿ ಇತ್ತು. ದಿನ ತುಂಬುವ ಮುಂಚೆಯೇ ಹೆರಿಗೆ ಮಾಡಿಸಿದರು, ತಾಯಿ ಮಗು ಇಬ್ಬರೂ ಮನೆಗೆ ಹೋದರು. ಪಿತ್ತದ ಆಮ್ಲ ರಕ್ತದಲ್ಲಿ ಲೀಟರಿಗೆ 100 ಮೈಕ್ರೊಮೋಲ್ ದಾಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಏರುತ್ತದೆ ಅಂತ 2019ರಲ್ಲಿ ಹಲವು ದೇಶಗಳ ದಾಖಲೆ ಒಟ್ಟು ಮಾಡಿ ತೋರಿಸಿದ್ದಾರೆ. ನಿನ್ನ ಪಟ್ಟಿಯಲ್ಲಿ ಪಿತ್ತದ ಆಮ್ಲ ಇದೆ ಅಲ್ವಾ? ಯಾರದಾದರೂ ಹಾಗೆ ಏರಿದ್ದರೆ ಅದು ನಿನ್ನ ಥೀಸಿಸ್ಸಿಗೆ ಕಾಯಬಾರದು. ಅದೇ ದಿನ ಅವಳ ಡಾಕ್ಟರಿಗೆ ಫೋನ್ ಹೋಗಬೇಕು. ಫ್ರೀಜರಿನಲ್ಲಿ ಆರು ತಿಂಗಳು ಇಟ್ಟು ಒಟ್ಟಿಗೆ ಓಡಿಸುತ್ತೇವೆ ಅಂದೆಯಲ್ಲ, ಹಾಗಾದರೆ ಅಂಗೈ ತುರಿಸುತ್ತದೆ ಅಂದವಳ ರಕ್ತವನ್ನು ಅವತ್ತೇ ಬೇರೆ ಲ್ಯಾಬಿಗೂ ಕಳಿಸುವ ಏರ್ಪಾಡು ಮಾಡು. ನಿಮ್ಮ ಗೈಡ್ ಒಪ್ಪದಿದ್ದರೆ ಎರಡು ಸಲ ಕೇಳು.

ಎಷ್ಟು ರಕ್ತ ತೆಗೆಯುತ್ತೀರಿ ಅಂತ ಅತ್ತೆಯಂದಿರು ಕೇಳಿಯೇ ಕೇಳುತ್ತಾರೆ. ಮಿಲಿಲೀಟರ್ ಹೇಳಬೇಡ. ಒಂದು ಟೀ ಚಮಚ ಜೇಬಿನಲ್ಲಿಟ್ಟುಕೋ, ತೆಗೆದು ತೋರಿಸು. ಚುಚ್ಚಿದ ಮೇಲೆ ಅವಳಿಗೆ ತಿನ್ನಲು ಅಲ್ಲೇ ಏನಾದರೂ ಇರಲಿ, ಬಾಳೆಹಣ್ಣಾದರೂ ಸೈ.

ನಾಲ್ಕು ಐಸ್ ಪ್ಯಾಕ್ ತಂದು ನಮ್ಮ ಫ್ರಿಜ್ಜಿನಲ್ಲಿ ಮೀನಿನ ಪಕ್ಕ ಇಟ್ಟಿದ್ದೇನೆ. ಕರೆಂಟ್ ಇಲ್ಲದೆ ಈಗ ಅವೂ ನೀರು, ಮೀನೂ ಹಾಳು. ನೀನು ಬರುವಷ್ಟರಲ್ಲಿ ಲೈನು ಸರಿಯಾಗಬಹುದು. ಫಾರ್ಮಿನಲ್ಲಿ ಕಾಫಿಗೆ ಕಾಲಂ ಇದೆಯಾ ಇಲ್ಲವಾ ಅಂತ ನಿನ್ನಮ್ಮನ ಕೈಯಲ್ಲಿ ಬರೆದು ಕಳಿಸು.

ಇಂತಿ
ನಿನ್ನ ದೊಡ್ಡಮ್ಮ