'ಸಿವಿಲ್ ವಾರ್' ನೋಡಿ ಬೈದ ಗಿರೀಶನಿಗೆ

ಗಿರೀಶ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಅಮೆರಿಕದ ಒಳಗೇ ಯುದ್ಧ ಹತ್ತಿ, ಪತ್ರಕರ್ತರು ಅದರ ನಡುವೆ ವಾಷಿಂಗ್ಟನ್‌ಗೆ ಹೋಗುವ ಈ 'ಸಿವಿಲ್ ವಾರ್' ಸಿನಿಮಾ ನೋಡು ನೋಡು ಅಂತ ಪ್ರಾಣ ತಿಂದವನು ನಾನೇ, ಹಾಗಾಗಿ ಬೈಗುಳದಲ್ಲಿ ಅರ್ಧ ಪಾಲು ನನ್ನದೇ. "ಎರಡು ಗಂಟೆ ಗುಂಡು ಹಾರಿಸ್ತಾರೆ, ಯಾಕೆ ಅಂತ ಒಬ್ಬನೂ ಬಾಯಿಬಿಡಲ್ಲ" ಅಂದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಕೊಟ್ಟರೆ ಜಗಳ ಆಗುತ್ತದೆ. ಬರೆಯುವುದೇ ವಾಸಿ.

ಬಾಯಿಬಿಡುವುದೇ ಇಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ ಕಣೋ. ಸಿನಿಮಾದ ಅಮೆರಿಕ ಅಧ್ಯಕ್ಷ ಮೂರನೇ ಅವಧಿಗೆ ಕುರ್ಚಿಯಲ್ಲಿ ಕೂತಿದ್ದಾನೆ. ನಿಜದಲ್ಲಿ 1951ರಲ್ಲಿ ಆದ ಸಂವಿಧಾನದ 22ನೇ ತಿದ್ದುಪಡಿ ಪ್ರಕಾರ ಅಮೆರಿಕದಲ್ಲಿ ಒಬ್ಬರನ್ನು ಎರಡು ಸಲಕ್ಕಿಂತ ಜಾಸ್ತಿ ಅಧ್ಯಕ್ಷರಾಗಿ ಆರಿಸುವಂತಿಲ್ಲ. ಇವನು ದೇಶದ ತನಿಖಾ ಸಂಸ್ಥೆ ಎಫ್‌ಬಿಐಗೆ ಬೀಗ ಹಾಕಿದ್ದಾನೆ. ತನ್ನ ದೇಶದ ಜನರ ಮೇಲೇ ವಿಮಾನದಿಂದ ಬಾಂಬ್ ಹಾಕಿಸಿದ್ದಾನೆ. ಇದೆಲ್ಲ ಪತ್ರಕರ್ತರು ತಮ್ಮತಮ್ಮಲ್ಲೇ ಆಡುವ ಮಾತಿನ ನಡುವೆ ಬಂದು ಹೋಗುತ್ತದೆ. ಯಾರೂ ಕೂರಿಸಿಕೊಂಡು ಪಾಠ ಹೇಳುವುದಿಲ್ಲ, ಅಷ್ಟೇ. ಡೆಮಾಕ್ರಟರ ಕ್ಯಾಲಿಫೋರ್ನಿಯಾ, ರಿಪಬ್ಲಿಕನ್ನರ ಟೆಕ್ಸಾಸ್ ಎರಡೂ ಅಧ್ಯಕ್ಷನ ವಿರುದ್ಧ ಒಂದೇ ಬಾವುಟದ ಕೆಳಗೆ ಸೇರಿರುವುದು ಹಾಸ್ಯಾಸ್ಪದ ಅಂದೆ ನೀನು. ನಿರ್ದೇಶಕ ಅಲೆಕ್ಸ್ ಗಾರ್ಲಂಡ್ ಅದನ್ನು ಬೇಕಂತಲೇ ಮಾಡಿದ್ದಾನೆ. ಹಾಗೆ ಮಾಡದಿದ್ದರೆ ಐದೇ ನಿಮಿಷದಲ್ಲಿ ನೋಡುವವನು ತನ್ನ ಪಕ್ಷ ಹಿಡಿದು, ಕಾಲು ಚಾಚಿ, ನಿಶ್ಚಿಂತೆಯಿಂದ ಕೂತುಬಿಡುತ್ತಾನೆ.

ನನಗೆ ಈ ಸಿನಿಮಾ ಹಿಡಿದದ್ದು ಬೇರೆ ಕಾರಣಕ್ಕೆ. ಯುದ್ಧದ ಫೋಟೋಗ್ರಾಫರ್ ಲೀ (ನಟಿ ಕರ್ಸ್ಟನ್ ಡನ್ಸ್ಟ್) ಒಂದು ರಾತ್ರಿ ಹಳೇ ಪತ್ರಕರ್ತ ಸ್ಯಾಮಿಯ ಹತ್ತಿರ ಹೇಳುತ್ತಾಳಲ್ಲ: ಬೇರೆ ಬೇರೆ ದೇಶಗಳ ಯುದ್ಧದಿಂದ ಒಂದೊಂದು ಫೋಟೋ ಕಳಿಸುವಾಗಲೂ, ಹೀಗೆ ಮಾಡಿಕೊಳ್ಳಬೇಡಿ ಅಂತ ನಮ್ಮವರಿಗೆ ಎಚ್ಚರಿಕೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ, ಆದರೂ ಇಲ್ಲಿಗೇ ಬಂದು ನಿಂತೆವು ಅಂತ. ಒಬ್ಬ ಫೋಟೋಗ್ರಾಫರ್ ತನ್ನ ಇಡೀ ಕಸುಬಿನ ಬಗ್ಗೆ ಹೀಗೆ ಹೇಳಬೇಕಾದರೆ ಒಳಗೆ ಎಷ್ಟು ಬರಿದಾಗಿರಬೇಕು! ಅವಳ ಅಪ್ಪ ಅಮ್ಮ ಕೊಲರಾಡೋದ ಫಾರ್ಮಿನಲ್ಲಿ ಏನೂ ನಡೆದೇ ಇಲ್ಲ ಅನ್ನುವಂತೆ ಇದ್ದಾರೆ. ಜೊತೆಗೆ ಬರುವ, ಫೋಟೋ ತೆಗೆಯುವುದನ್ನು ಕಲಿಯುತ್ತಿರುವ ಹುಡುಗಿ ಜೆಸ್ಸಿಯ ಅಪ್ಪನೂ ಮಿಸೌರಿಯಲ್ಲಿ ಹಾಗೇ. ದಾರಿಯಲ್ಲಿ ಸಿಗುವ ಸಣ್ಣ ಊರಿನ ಬಟ್ಟೆ ಅಂಗಡಿಯವಳಿಗಂತೂ ಯುದ್ಧದ ಗೊಡವೆಯೇ ಬೇಡ. ಫೋಟೋ ತೆಗೆದದ್ದು ಯಾರಿಗೆ ಎಚ್ಚರಿಕೆಯಾಗಲಿ ಅಂತಲೋ, ಅವರೇ ಕಿಟಕಿ ಹಾಕಿಕೊಂಡು ಕೂತಿದ್ದಾರೆ. ಹಾಗಾಗಿ ಯುದ್ಧ ಯಾಕೆ ಶುರುವಾಯಿತು ಅನ್ನುವುದಕ್ಕಿಂತ, ಇಷ್ಟೆಲ್ಲ ತೋರಿಸಿದರೂ ಯಾರೂ ಯಾಕೆ ನೋಡಲಿಲ್ಲ ಅನ್ನುವುದೇ ನನ್ನ ತಲೆ ತಿಂದಿತು.

ಪೆಟ್ರೋಲ್ ಬಂಕಿನ ದೃಶ್ಯ ನೆನಪಿದೆಯಾ? ಬಂದೂಕು ಹಿಡಿದ ಮೂವರು ಕಾವಲು ಕಾಯುತ್ತಿರುತ್ತಾರೆ. ಲೀ 300 ಡಾಲರ್ ಕೊಡುತ್ತೇನೆ ಅನ್ನುತ್ತಾಳೆ. ಅದಕ್ಕೆ ಒಂದು ಸ್ಯಾಂಡ್‌ವಿಚ್ ಬರುತ್ತದೆ ಅನ್ನುತ್ತಾನೆ ಅವರಲ್ಲೊಬ್ಬ. ಕೆನಡಾ ಡಾಲರ್ ಅಂದ ಕೂಡಲೇ ವ್ಯಾಪಾರ ಕುದುರುತ್ತದೆ. ಅಮೆರಿಕದ ದುಡ್ಡು ಎಲ್ಲಿಗಿಳಿದಿದೆ ಅಂತ ಎರಡು ಮಾತಲ್ಲಿ ಮುಗಿಸಿದ್ದಾನೆ ನೋಡು ಗಾರ್ಲಂಡ್. ಅಷ್ಟರಲ್ಲಿ ಜೆಸ್ಸಿ ಹಿಂದಿನ ಕಾರು ತೊಳೆಯುವ ಜಾಗಕ್ಕೆ ಹೋಗುತ್ತಾಳೆ. ಅಲ್ಲಿ ಇಬ್ಬರನ್ನು ಹೊಡೆದು, ಕೈ ಕಟ್ಟಿ ನೇತುಹಾಕಿದ್ದಾರೆ, ಇನ್ನೂ ಜೀವ ಇದೆ. ಲೂಟಿ ಮಾಡಲು ಬಂದವರಂತೆ. ಕಾವಲಿನವನು, ಇವರಲ್ಲೊಬ್ಬ ನನ್ನ ಹೈಸ್ಕೂಲಿನವನು ಅಂತ ಮಾಮೂಲಿ ವಿಷಯದಂತೆ ಹೇಳುತ್ತಾನೆ. ಜೆಸ್ಸಿಯ ಕೈಕಾಲು ಆಡುವುದಿಲ್ಲ. ಲೀ ಬಂದವಳೇ, ಅವರ ಪಕ್ಕ ನಿಂತುಕೋ, ಫೋಟೋ ತೆಗೆಯುತ್ತೇನೆ ಅನ್ನುತ್ತಾಳೆ. ಅವನು ಪೋಸು ಕೊಡುತ್ತಾನೆ! ನನಗೆ ಬೆವರು ಬಂದದ್ದು ಅಲ್ಲಿ. ಎಲ್ಲರೂ ಹೊಗಳುವ ಕೆಂಪು ಕನ್ನಡಕದ ಸೈನಿಕನ ದೃಶ್ಯದಲ್ಲಿ ಹೆದರಿಕೆ ಆಯಿತು, ನಿಜ. ಆದರೆ ಅದು ಯಾವನೋ ಹುಚ್ಚ ಸಿಕ್ಕಿಬಿಟ್ಟ ಅನ್ನುವ ಹೆದರಿಕೆ. ಬಂಕಿನವನು ಹುಚ್ಚನಲ್ಲ. ನಿನ್ನೆ ಮೊನ್ನೆವರೆಗೂ ಪಕ್ಕದ ಬೀದಿಯಲ್ಲಿ ಇದ್ದವನು.

ಲೀ ಜೊತೆಗಿರುವ ವರದಿಗಾರ ಜೋಯೆಲ್ ರಾಯ್ಟರ್ಸ್ ಸುದ್ದಿಸಂಸ್ಥೆಯವನು ಅಂತ ಗೊತ್ತಾದಾಗಿನಿಂದ ನನಗೆ ನಮ್ಮ ಫೋಟೋಗ್ರಾಫರ್ ದಾನಿಶ್ ಸಿದ್ದಿಕಿ ನೆನಪಾಗುತ್ತಲೇ ಇದ್ದರು. ಅವರೂ ರಾಯ್ಟರ್ಸ್‌ನವರೇ. 2021ರ ಏಪ್ರಿಲ್‌ನಲ್ಲಿ ದೆಹಲಿಯ ಸ್ಮಶಾನದಲ್ಲಿ ಸಾಲುಸಾಲು ಚಿತೆ ಉರಿಯುವ ಅವರ ಫೋಟೋ ನೀನೂ ನೋಡಿರುತ್ತೀಯ. ಅದೇ ವರ್ಷ ಜುಲೈ 16ರಂದು, ಕಂದಹಾರದ ಸ್ಪಿನ್ ಬೋಲ್ದಕ್‌ನಲ್ಲಿ ಅಫ್ಘನ್ ಪಡೆಯ ಜೊತೆ ಇದ್ದಾಗ ತಾಲಿಬಾನ್ ದಾಳಿಯಲ್ಲಿ ಸತ್ತರು. ಕೋವಿಡ್ ಫೋಟೋಗಳಿಗೆ ಪುಲಿಟ್ಜರ್ ಪ್ರಶಸ್ತಿ ಬಂದದ್ದು ಮರುವರ್ಷ, ಅವರು ಹೋದ ಮೇಲೆ. ಜೋಯೆಲ್‌ಗೆ ಗುಂಡಿನ ಸದ್ದೇ ನಶೆ. ಅಂಥವರೂ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಯುದ್ಧ ವರದಿ ಮಾಡುವವರೆಲ್ಲ ಹಾಗೇ ಅನ್ನಿಸುವಷ್ಟು ಜಾಸ್ತಿ ತೋರಿಸಿದ್ದು ನನಗೆ ಸರಿ ಕಾಣಲಿಲ್ಲ.

ಇನ್ನು ಜೆಸ್ಸಿ. ಅವಳು ಕಲ್ಲುಮನಸ್ಸಿನವಳು ಅಂದೆ ನೀನು. ಶ್ವೇತಭವನದೊಳಗೆ ಇವಳನ್ನು ತಳ್ಳಿ ಉಳಿಸಿ ಲೀ ಗುಂಡು ತಿನ್ನುತ್ತಾಳೆ, ಇವಳು ಕ್ಲಿಕ್ ಕ್ಲಿಕ್ ಅಂತ ತೆಗೆಯುತ್ತಲೇ ಇರುತ್ತಾಳೆ. ಆದರೆ ಅದಕ್ಕೂ ಮೊದಲೇ, ನನಗೆ ಗುಂಡು ಬಿದ್ದರೆ ಆ ಕ್ಷಣದ ಫೋಟೋ ತೆಗೆಯುತ್ತೀಯಾ ಅಂತ ಇವಳು ಕೇಳಿದ್ದಳು. ನಿನಗೇನು ಅನ್ನಿಸುತ್ತದೆ ಅಂತ ತಿರುಗಿ ಕೇಳಿದ್ದಳು ಲೀ. ಬಂಕಿನ ಹತ್ತಿರ ಒಂದೂ ಫೋಟೋ ತೆಗೆಯಲಿಲ್ಲ ಅಂತ ಇವಳು ಅತ್ತಾಗಲೂ, ಪ್ರಶ್ನೆ ಕೇಳುವುದು ನಮ್ಮ ಕೆಲಸ ಅಲ್ಲ, ಬೇರೆಯವರು ಕೇಳಲಿ ಅಂತ ದಾಖಲಿಸುವುದಷ್ಟೇ ಅಂದವಳೂ ಲೀಯೇ. ಕಲಿಸಿದ್ದನ್ನೇ ಹುಡುಗಿ ಮಾಡಿದ್ದಾಳೆ. ತಪ್ಪಿದ್ದರೆ ಇಬ್ಬರನ್ನೂ ಬೈ.

ಆದರೆ ಕೊನೆಯ ಅರ್ಧ ಗಂಟೆಯ ವಿಷಯದಲ್ಲಿ ನಾನು ನಿನ್ನ ಕಡೆಯೇ. ಅಲ್ಲಿಯವರೆಗೆ ದೃಶ್ಯ ನಿಲ್ಲಿಸಿ, ಸದ್ದು ಕಳೆದು, ಒಂದೊಂದು ಫೋಟೋ ತೋರಿಸಿದ ಸಿನಿಮಾ ವಾಷಿಂಗ್ಟನ್ ತಲುಪಿದ್ದೇ ಟ್ಯಾಂಕು, ಹೆಲಿಕಾಪ್ಟರ್ ಅಂತ ಸುಮ್ನೆ ಅಬ್ಬರಿಸುತ್ತದೆ. ಹದಿನೈದು ನಿಮಿಷ ಕತ್ತರಿಸಿದ್ದರೂ ಏನೂ ಕಮ್ಮಿ ಆಗುತ್ತಿರಲಿಲ್ಲ. ಅದಕ್ಕೂ ಮೊದಲು, ಸೆರೆಸಿಕ್ಕವರನ್ನು ಕೊಲ್ಲುವಾಗ ಹಿಪ್‌ಹಾಪ್ ಹಾಡು ಹಾಕಿದ್ದು ನಿನಗೆ ಹೇಗನ್ನಿಸಿತು? ನನಗಂತೂ ಮೈ ಉರಿಯಿತು. ಭಾನುವಾರ ಫೋನ್ ಮಾಡು. ಆ ಹಾಡಿನ ಬಗ್ಗೆ ಬೇಕಾದರೆ ಇಬ್ಬರೂ ಸೇರಿ ಬೈಯೋಣ.

ನಿನ್ನ,
ಸುಧೀ