ಹಣ ಕೇಂದ್ರದ್ದು, ರಸ್ತೆ ರಾಜ್ಯದ್ದು: ಗೆಳೆಯನಿಗೊಂದು ಪತ್ರ

ಪ್ರಿಯ ಮಿತ್ರ,

ಉಭಯ ಕುಶಲೋಪರಿ. ರಸ್ತೆ ಸುರಕ್ಷತೆಗೆಂದು ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಹಣವನ್ನು ಇಲ್ಲಿನ ರಾಜ್ಯಗಳು ತಮಗೆ ಸರಿಕಂಡಂತೆ ಖರ್ಚು ಮಾಡಿದರೆ ತಪ್ಪೇನು ಎಂದು ನೀನು ಕೇಳಿದ್ದೆ. ನಿನ್ನ ಮಾತನ್ನು ನಾನು ಅರ್ಧ ಒಪ್ಪುತ್ತೇನೆ.

ಹೆದ್ದಾರಿ ಸುರಕ್ಷತಾ ಸುಧಾರಣಾ ಕಾರ್ಯಕ್ರಮದ ಕಾಮಗಾರಿಗಳಿಗೆ ಸಾಮಾನ್ಯವಾಗಿ ಶೇ. 90ರಷ್ಟು ಹಣ ವಾಷಿಂಗ್ಟನ್ನಿನಿಂದಲೇ ಬರುತ್ತದೆ. ಕೇಂದ್ರದ 2015ರ ಸಾರಿಗೆ ಕಾಯ್ದೆ ಅದನ್ನು ಬಹುಮಟ್ಟಿಗೆ ತಿರುವು, ತಡೆಬೇಲಿ, ಜಂಕ್ಷನ್‌ಗಳಂಥ ಕಾಮಗಾರಿಗಳಿಗೆ ಸೀಮಿತಗೊಳಿಸಿತ್ತು. ಹಳ್ಳಿಗಾಡಿನ ನಿರ್ಜನ ರಸ್ತೆಯಲ್ಲಿ ಕುಡಿದು ವಾಹನ ಓಡಿಸುವುದೇ ದೊಡ್ಡ ಪಿಡುಗಾಗಿರುವ ಮೊಂಟಾನಾಕ್ಕೂ, ಪಾದಚಾರಿಗಳು ಹೆಚ್ಚಾಗಿ ಸಾಯುವ ನ್ಯೂಜೆರ್ಸಿಗೂ ಒಂದೇ ಮದ್ದು ಹೇಗೆ ನಾಟೀತು? 2021ರ ಕಾಯ್ದೆ ಈ ಹಣದಲ್ಲಿ ಶೇ. 10ರವರೆಗೆ ಜನಜಾಗೃತಿ, ಪೊಲೀಸ್ ತಪಾಸಣೆ, ಸಂಶೋಧನೆಗಳಿಗೆ ಬಳಸಲು ಮತ್ತೆ ಅವಕಾಶ ಕೊಟ್ಟಿತು. ನನ್ನನ್ನು ಕೇಳಿದರೆ ಅದೂ ಜಿಪುಣತನವೇ. ಅದೇ ಕಾಯ್ದೆ, ಸತ್ತವರಲ್ಲಿ ಪಾದಚಾರಿಗಳು, ಸೈಕಲ್ ಸವಾರರು ಮೊದಲಾದವರ ಪಾಲು ಶೇ. 15 ಮುಟ್ಟಿದ ರಾಜ್ಯವು ಮರುವರ್ಷ ಕನಿಷ್ಠ ಶೇ. 15ರಷ್ಟು ಹಣವನ್ನು ಅವರಿಗಾಗಿಯೇ ತೆಗೆದಿಡಬೇಕೆಂದಿದೆ. ಈ ಕಟ್ಟುಪಾಡಿಗೆ ಮಾತ್ರ ನನ್ನ ತಕರಾರಿಲ್ಲ, ಏಕೆಂದರೆ ಕಾರಿನಲ್ಲಿ ಕುಳಿತವರ ಕೂಗು ಕೇಳಿಸುವಷ್ಟು ನಡೆದು ಹೋಗುವವರ ದನಿ ಯಾವ ಕಚೇರಿಗೂ ಕೇಳಿಸುವುದಿಲ್ಲ.

ಇನ್ನರ್ಧವನ್ನು ಒಪ್ಪದಿರಲು ಹೆಲ್ಮೆಟ್ಟಿನ ಕಥೆಯೇ ಕಾರಣ. ಹೆಲ್ಮೆಟ್ ಕಡ್ಡಾಯ ಮಾಡದಿದ್ದರೆ ಅನುದಾನಕ್ಕೆ ಕತ್ತರಿ ಎಂದು ಕೇಂದ್ರ ಹೇಳಿದ್ದರಿಂದ 1975ರ ಹೊತ್ತಿಗೆ 47 ರಾಜ್ಯಗಳು ಕಾನೂನು ಮಾಡಿದ್ದವು. 1976ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಆ ಬೆದರಿಕೆಯನ್ನು ಕೈಬಿಟ್ಟದ್ದೇ ತಡ, ಒಂದೊಂದೇ ರಾಜ್ಯ ಹಿಂದೆ ಸರಿಯಿತು. ಇಂದು ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಿರುವುದು ಅರ್ಧಕ್ಕಿಂತ ಕಡಿಮೆ ರಾಜ್ಯಗಳಲ್ಲಿ. (2019ರಲ್ಲಿ ಭಾರತದ ಕೇಂದ್ರ ಸರ್ಕಾರ ಏರಿಸಿದ ಸಂಚಾರ ದಂಡವನ್ನು ನಮ್ಮ ಕರ್ನಾಟಕ ಕೆಲವೇ ವಾರಗಳಲ್ಲಿ ಇಳಿಸಿದ್ದು ನಿನಗೂ ನೆನಪಿರಬಹುದು.) ಇದಕ್ಕೆ ಪ್ರತಿಯಾಗಿ, ಮದ್ಯ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳ ಹೆದ್ದಾರಿ ಅನುದಾನದ ಒಂದು ಪಾಲನ್ನು ತಡೆಹಿಡಿಯುವ 1984ರ ಕಾಯ್ದೆಯನ್ನು ದಕ್ಷಿಣ ಡಕೋಟ ಪ್ರಶ್ನಿಸಿತಾದರೂ 1987ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮರುವರ್ಷಕ್ಕೆಲ್ಲ ಎಲ್ಲ ರಾಜ್ಯಗಳೂ ದಾರಿಗೆ ಬಂದವು.

ಹಾಗಾಗಿ ಹಣವನ್ನು ಎಲ್ಲಿ ಸುರಿಯಬೇಕೆಂಬುದನ್ನು ರಾಜ್ಯದ ಎಂಜಿನಿಯರರಿಗೆ ಬಿಡಲಿ, ಜೀವ ಉಳಿಸುವ ಕಾನೂನನ್ನು ಚುನಾವಣೆಯ ಲೆಕ್ಕಾಚಾರಕ್ಕೆ ಬಿಡುವುದು ಬೇಡ. ಹಿಂದೆ ಕೆಲವು ರಾಜ್ಯಗಳು ಸಾವಿನ ಸಂಖ್ಯೆ ಏರುವುದನ್ನೇ ತಮ್ಮ ವಾರ್ಷಿಕ ಗುರಿಯೆಂದು ಕೇಂದ್ರಕ್ಕೆ ಬರೆದು ಕಳುಹಿಸುತ್ತಿದ್ದವು! ಸಂಚಾರ ಸುರಕ್ಷತಾ ಅನುದಾನದ ಮಟ್ಟಿಗೆ 2021ರ ಕಾಯ್ದೆ ಅದಕ್ಕೆ ತೆರೆ ಎಳೆದಿದೆ. ನಿನ್ನ ಅಭಿಪ್ರಾಯಕ್ಕೆ ಕಾಯುತ್ತಿರುತ್ತೇನೆ.

ಇತಿ,
ನಿನ್ನ ಗೆಳೆಯ