ಅಜ್ಜಿಯ ಉದ್ರಿ ಪುಸ್ತಕ

ಡೊಂಬಿವಲಿ

ಚಿ. ತಂಗಿಗೆ,

ಆಶೀರ್ವಾದಗಳು. ನಿಮ್ಮಜ್ಜಿ ತೀರಿಕೊಂಡ ಸುದ್ದಿಯೂ ಅವರನ್ನು ಕುರಿತು ನೀನು ಬರೆದ ಲೇಖನವೂ ಒಂದೇ ಲಕೋಟೆಯಲ್ಲಿ ಬಂದವು. ಓದುತ್ತ ಕಣ್ಣು ತುಂಬಿ ಬಂತು. ಆದರೂ ಇದನ್ನು ಈಗಲೇ ಪತ್ರಿಕೆಗೆ ಕಳಿಸಬೇಡವೆನ್ನುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಮೊದಲ ಪುಟದಲ್ಲಿ ಅಜ್ಜಿ ಅನ್ನಪೂರ್ಣೆ, ಕರುಣಾಮಯಿ, ತ್ಯಾಗಮೂರ್ತಿ. ಶ್ರದ್ಧಾಂಜಲಿಯ ಫಲಕದಲ್ಲಿ ಯಾರ ಹೆಸರಿನ ಕೆಳಗೆ ಬರೆದರೂ ಒಪ್ಪುವ ಮಾತುಗಳಿವು. ಮೂರನೆಯ ಪುಟದಲ್ಲಿ ಮಾತ್ರ, ಹೋಗುವ ದಾರಿಯಲ್ಲಿ ಸಿಕ್ಕಿತೆನ್ನುವಂತೆ, ಒಂದು ಸಂಗತಿ ಇದೆ. ಮುಂಬಯಿಯ ಪರೇಲಿನ ಖಾನಾವಳಿಯಲ್ಲಿ, ದುಡ್ಡಿಲ್ಲವೆಂದು ಒಂದೇ ರೊಟ್ಟಿ ಕೇಳಿದವನಿಗೆ ಅಜ್ಜಿ ಇನ್ನೊಂದನ್ನು ಅದರ ಅಡಿಯಲ್ಲಿಟ್ಟು ಕೊಡುತ್ತಿದ್ದರು, ಪಕ್ಕದಲ್ಲಿ ಉಣ್ಣುವವರಿಗೆ ಕಾಣದ ಹಾಗೆ. ಓದಿದ ಕೂಡಲೇ ಆ ತಾಯಿ ನನ್ನ ಕಣ್ಣ ಮುಂದೆ ಬಂದು ನಿಂತರು. ಉಣ್ಣುವವನ ಮಾನ ಕಾಯುತ್ತ ಬಡಿಸುವವರು ಎಷ್ಟು ಜನರಿದ್ದಾರೆ ಹೇಳು! ಲೇಖನ ಆ ತಾಟಿನಿಂದಲೇ ಶುರುವಾಗಲಿ. ವಿಶೇಷಣಗಳನ್ನೆಲ್ಲ ಹೊಡೆದುಹಾಕು.

ಇನ್ನು ಉದ್ರಿ ಪುಸ್ತಕ. 'ಮುಷ್ಕರದ ಕಾಲದಲ್ಲಿ ಅಜ್ಜಿ ಎಷ್ಟೋ ಜನರಿಗೆ ಉದ್ರಿ ಊಟ ಹಾಕಿದರು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಯಾವ ಮುಷ್ಕರ? ನಿನ್ನ ವಯಸ್ಸಿನ ಓದುಗರಿಗೆ ತಿಳಿಯುವುದಿಲ್ಲ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅದು ವರ್ಷ ದಾಟಿತು. ಎಷ್ಟೋ ಗಿರಣಿಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ.

ಖಾನಾವಳಿ ನಡೆಯುತ್ತಿದ್ದುದು ಪಗಾರವನ್ನು ನಂಬಿಕೊಂಡು. ಕಾರ್ಮಿಕರು ತಿಂಗಳಿಡೀ ಉಂಡು ಪಗಾರದ ದಿನ ಹಣ ಕೊಡುತ್ತಿದ್ದರು. ಅಲ್ಲಿಯವರೆಗೆ ಜೋಳ, ಬೇಳೆ, ಎಣ್ಣೆಗೆ ಬಡಿಸುವ ಹೆಂಗಸೇ ಅಂಗಡಿಯಲ್ಲಿ ಸಾಲ ಹೇಳಬೇಕು, ಇಲ್ಲವೇ ಬಡ್ಡಿಗೆ ಹಣ ಎತ್ತಬೇಕು. ಆ ಬಡ್ಡಿಯ ಕುಣಿಕೆಯಿಂದ ಇಂಥ ಹೆಂಗಸರನ್ನು ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಲು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದರು. ನಿಮ್ಮಜ್ಜಿ ಅದರಲ್ಲಿದ್ದರೇ? ಪಗಾರವೇ ನಿಂತುಹೋದ ಮೇಲೆ ಒಲೆ ಹೇಗೆ ಉರಿಯಿತು? ಬಳೆ ಒತ್ತೆ ಬಿತ್ತೇ? ಅಂಗಡಿಯವನು ಎಲ್ಲಿಯವರೆಗೆ ತಾಳಿಕೊಂಡ? ಇಷ್ಟನ್ನು ಕೇಳಿ ತಿಳಿದುಕೊಳ್ಳದೆ ಅವರನ್ನು ಉದಾರಿ ಎಂದರೆ, ಅವರು ಕೊಟ್ಟದ್ದರ ಬೆಲೆಯನ್ನು ನಾವೇ ಇಳಿಸಿದ ಹಾಗೆ.

ನೀನು ಕಳಿಸಿದ ಫೋಟೋದಲ್ಲಿ ಪುಸ್ತಕದ ಒಂದು ಹಾಳೆ ಕಾಣುತ್ತದೆ. 'ಇಂಡಿ ಊರಿನ ಎತ್ತರದವನು', 'ರಾತ್ರಿ ಪಾಳಿ, ಕೆಮ್ಮು'. ಹೆಸರುಗಳಿಲ್ಲ. ಒಂದೊಂದರ ಮುಂದೆ ಸಾಲುಗಟ್ಟಿದ ಗೀಟುಗಳು. ಕೆಲವನ್ನು ಅಡ್ಡ ಹೊಡೆದಿದೆ, ಹೆಚ್ಚಿನವು ಹಾಗೆಯೇ ಉಳಿದಿವೆ. ಅಕ್ಷರ ದುಂಡಗಿದೆ, ಎಳೆಯ ಕೈಯದು. ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲವೆಂದು ನೀನೇ ಬರೆದಿದ್ದೀಯ. ಹಾಗಾದರೆ ಬರೆದದ್ದು ನಿನ್ನ ಅಮ್ಮನಲ್ಲವೇ?

ಇಡೀ ಲೇಖನದಲ್ಲಿ ಅಮ್ಮ ಒಂದು ಸಲವೂ ಬರುವುದಿಲ್ಲ. ಈ ಪತ್ರವನ್ನು ಮುಖ್ಯವಾಗಿ ಬರೆಯುತ್ತಿರುವುದು ಇದನ್ನು ಹೇಳುವುದಕ್ಕೆ. ಮನೆಯಲ್ಲಿ ಒಬ್ಬರ ಕೈ ದೊಡ್ಡದಾದರೆ ಉಳಿದವರ ಹೆಗಲಿಗೂ ಅದರ ಭಾರ ಬೀಳುತ್ತದೆ. ಚಾಳಿನ ಆ ಒಂದೇ ಖೋಲಿಯಲ್ಲಿ ಅಷ್ಟು ಜನ ಉಂಡೆದ್ದ ಮೇಲೆ ನಲ್ಲಿಯ ಮುಂದೆ ಕುಳಿತು ತಾಟು ಬೆಳಗಿದವರು ಯಾರು? ಬೆಳಗಿನ ಪಾಳಿಯವರ ಡಬ್ಬಿ ಮುಟ್ಟಿಸಿ ಶಾಲೆಗೆ ಓಡಿದವರು ಯಾರು? ಪರರಿಗೆ ಬಡಿಸಿ ಮುಗಿದಾಗ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡವರು ಯಾರು? ಅಮ್ಮನ ಮನಸ್ಸಿನಲ್ಲಿ ಅಜ್ಜಿಯ ಬಗ್ಗೆ ಹೆಮ್ಮೆ ಇರಬಹುದು, ಹೇಳದೆ ಉಳಿದ ನೋವೂ ಇರಬಹುದು. ಎರಡನ್ನೂ ಬರೆ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದೆಂದು ಬಂಧುಗಳು ಆಕ್ಷೇಪಿಸಬಹುದು. ಆದರೆ ನಿಮ್ಮಜ್ಜಿಯಂಥ ಗಟ್ಟಿ ಹೆಂಗಸು ನಿಜವನ್ನು ಬರೆದ ಮಾತ್ರಕ್ಕೆ ಸಣ್ಣವರಾಗುವುದಿಲ್ಲ. ಮಗಳ ದುಡಿಮೆ ಸೇರಿಕೊಂಡರೆ ಆ ರೊಟ್ಟಿಯ ತೂಕ ಹೆಚ್ಚುತ್ತದೆ.

ಅಜ್ಜಿಯ ಬಾಯಲ್ಲಿ ನಮ್ಮ ನಿಮ್ಮ ಪುಸ್ತಕದ ಕನ್ನಡ ಹಾಕಬೇಡ. ವಿಜಾಪುರದ ಸೀಮೆಯ ಮಾತಿನ ನಡುವೆ ಅವರು ಮರಾಠಿ ಬೆರೆಸುತ್ತಿದ್ದರೆ ಹಾಗೆಯೇ ಇರಲಿ. ಬೈದದ್ದನ್ನೂ ಬಿಡಬೇಡ. ಅವರ ದನಿ ಕಿವಿಯಲ್ಲಿ ಇನ್ನೂ ಹಸಿಯಾಗಿರುವಾಗ ದಿನವೂ ನೆನಪಾದಷ್ಟು ಗುರುತು ಹಾಕಿಕೊ. ತಿದ್ದುವುದನ್ನು ವರ್ಷ ಬಿಟ್ಟು ಮಾಡಿದರೂ ನಡೆದೀತು.

ಮೊದಲು ಆ ಪುಸ್ತಕ ಹಿಡಿದುಕೊಂಡು ಅಮ್ಮನ ಹತ್ತಿರ ಕುಳಿತುಕೊ. ಒಂದೊಂದು ಸಾಲನ್ನೂ ತೋರಿಸಿ, ಇವರು ಯಾರು, ಆಮೇಲೆ ಎಲ್ಲಿಗೆ ಹೋದರು ಎಂದು ಕೇಳು. ಆತುರ ಬೇಡ. ಅವರು ಸುಮ್ಮನಾದರೆ ನೀನೂ ಸುಮ್ಮನಿರು. ಬರೆದು ಮುಗಿದ ಮೇಲೆ ಮೊದಲು ಅವರಿಗೇ ಓದಿ ಹೇಳು, ನನಗೆ ಆಮೇಲೆ ಕಳಿಸಿದರಾಯಿತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಅಕ್ಕ